ಗುರುವಿಲ್ಲದೆ ಜಪಾನಿ ಅಕ್ಷರ: ನಿಘಂಟಿನಿಂದ ಫೋನಿನವರೆಗೆ

ಹಾಲೆಂಡಿನ ಲೈಡನ್‌ನಲ್ಲಿ 1855ರಲ್ಲಿ ಜಪಾನಿ ಭಾಷೆಯ ಪ್ರಾಧ್ಯಾಪಕರಾದ ಯೋಹಾನ್ ಯೋಸೆಫ್ ಹಾಫ್‌ಮನ್ ಒಮ್ಮೆಯೂ ಜಪಾನಿನ ನೆಲ ತುಳಿದವರಲ್ಲ. ಅಲ್ಲಿಂದ ಮರಳಿದ್ದ ವೈದ್ಯ ಸೀಬೋಲ್ಟ್ ಹೊತ್ತು ತಂದ ಪುಸ್ತಕರಾಶಿಯನ್ನು ಮುಂದಿಟ್ಟುಕೊಂಡು, ಸೀಬೋಲ್ಟರ ಚೀನೀ ಸಹಾಯಕನಿಂದ ಚೀನೀ ಅಕ್ಷರ ಕಲಿತು, ಅಲ್ಲಿಂದ ಜಪಾನಿಗೆ ಹೊರಳಿ, 1860ರ ದಶಕದಲ್ಲಿ ದೊಡ್ಡದೊಂದು ವ್ಯಾಕರಣವನ್ನೇ ಪ್ರಕಟಿಸಿದರು. ಇಂದು ಮನೆಯಲ್ಲೇ ಕೂತು ಜಪಾನಿ ಕಲಿಯುವವರು ಅವರ ಪರಂಪರೆಗೇ ಸೇರಿದವರು. ಆದರೆ ಈ ಒಂದೂವರೆ ಶತಮಾನದಲ್ಲಿ ಒಂದು ದೊಡ್ಡ ಪಲ್ಲಟವಾಗಿದೆ. ಹಾಫ್‌ಮನ್‌ರ ಕಾಲದಲ್ಲಿ ಓದುವುದೂ ಬರೆಯುವುದೂ ಒಂದೇ ಕಲಿಕೆ. ಇಂದು ಅವೆರಡೂ ಬೇರೆಬೇರೆಯಾಗಿವೆ. ಕೈಬರಹವನ್ನು ಪೂರ್ತಿ ಬಿಟ್ಟೇ ಓದು ಕಲಿಯುವ ದಾರಿಗಳು ಹುಟ್ಟಿಕೊಂಡಿವೆ.

ಜಪಾನಿಯಲ್ಲಿ ಮೂರು ಬಗೆಯ ಅಕ್ಷರಗಳು ಒಂದೇ ವಾಕ್ಯದೊಳಗೆ ಬೆರೆತು ಬರುತ್ತವೆ. ಚೀನಾದಿಂದ ಬಂದ ಕಾಂಜಿ ಪದದ ತಿರುಳನ್ನು ಹೊರುತ್ತದೆ, ಹಿರಾಗಾನ ವಿಭಕ್ತಿ ಪ್ರತ್ಯಯಗಳನ್ನೂ ಕ್ರಿಯಾಪದದ ಕೊನೆಯನ್ನೂ ಬರೆಯುತ್ತದೆ, ಕಾತಾಕಾನ ಬಹುಮಟ್ಟಿಗೆ ಹೊರಗಿನ ಭಾಷೆಗಳಿಂದ ಬಂದ ಪದಗಳಿಗೆ ಮೀಸಲು. ಹಿರಾಗಾನ, ಕಾತಾಕಾನ ಎರಡಕ್ಕೂ ಒಟ್ಟಾಗಿ ಕಾನ ಎನ್ನುತ್ತಾರೆ. ಎರಡರಲ್ಲೂ ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 46. ಹಿಂದೆ ಒಂದೊಂದು ಉಲಿಗೂ ಹಲವು ರೂಪಗಳಿದ್ದವು. ಒಂದು ಉಲಿಗೆ ಒಂದೇ ರೂಪ ಎಂದು ಶಾಲೆಗಳಿಗೆ ಗೊತ್ತುಮಾಡಿದ್ದು 1900ರಲ್ಲಿ.

ಕನ್ನಡಿಗರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಕಾನ ಅಕ್ಷರಗಳ ಕೋಷ್ಟಕ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಇದು ಬಹುಮಟ್ಟಿಗೆ ನಮ್ಮ ವರ್ಣಮಾಲೆಯ ಕ್ರಮವೇ. ಮಂತ್ರಗಳನ್ನು ಸ್ಪಷ್ಟವಾಗಿ ಉಚ್ಚರಿಸಬೇಕೆಂದು ಜಪಾನಿನ ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತಾಕ್ಷರ ಕಲಿಯುತ್ತಿದ್ದರು. 804ರಲ್ಲಿ ಚೀನಾಕ್ಕೆ ಹೋದ ಕೂಕಾಯ್ ಆ ವಿದ್ಯೆಯನ್ನು ತಂದವರಲ್ಲಿ ಪ್ರಮುಖರು. ಆ ಅಭ್ಯಾಸದಿಂದಲೇ ಈ ಕೋಷ್ಟಕ ರೂಪುಗೊಂಡಿತು. ಪ ಇರಬೇಕಾದ ಜಾಗದಲ್ಲಿ ಹ ಏಕೆ ಕೂತಿದೆ ಎಂಬುದಕ್ಕೂ ಕಾರಣವಿದೆ: ಇಂದಿನ ಹ-ಕಾರ ಹಳೆಯ ಜಪಾನಿಯಲ್ಲಿ ಪ-ಕಾರವಾಗಿತ್ತು, ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲಾದ ಹಾಗೆ. ಈಗಲೂ ಹ ಅಕ್ಷರದ ಮೂಲೆಗೆ ಪುಟ್ಟ ಸೊನ್ನೆ ಇಟ್ಟರೆ ಪ, ಎರಡು ಸಣ್ಣ ಗೀಟು ಎಳೆದರೆ ಬ. ಪದದ ನಡುವೆ ಬರುವ ಅನುನಾಸಿಕವೂ ನಮ್ಮ ಅನುಸ್ವಾರದಂತೆಯೇ ಮುಂದಿನ ವ್ಯಂಜನಕ್ಕೆ ತಕ್ಕಂತೆ ಉಲಿ ಬದಲಿಸುತ್ತದೆ. ಹ್ರಸ್ವ-ದೀರ್ಘ, ಒತ್ತಕ್ಷರ ಇವುಗಳಲ್ಲಿ ಅರ್ಥವೇ ಬದಲಾಗುವ ಭಾಷೆ ಅದು: ಕಿತೆ ಎಂದರೆ ಬಾ, ಕಿತ್ತೆ ಎಂದರೆ ಅಂಚೆಚೀಟಿ. ರೋಮನ್ ಲಿಪಿಯಲ್ಲಿ ಓದುವವರು ಎಡವುವ ಈ ಜಾಗವನ್ನು ಕನ್ನಡ ಬಲ್ಲವರು ಸಲೀಸಾಗಿ ದಾಟುತ್ತಾರೆ. ಕಾನ ಕೋಷ್ಟಕವನ್ನು ಕನ್ನಡದಲ್ಲಿ ಬರೆದುಕೊಂಡೇ ಕಲಿಯಬೇಕು, ರೋಮನ್ ಲಿಪಿಯ ಊರುಗೋಲನ್ನು ಮೊದಲ ದಿನದಿಂದಲೇ ದೂರವಿಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಆ ಊರುಗೋಲು ಬಂದದ್ದು ಧರ್ಮಪ್ರಚಾರಕರಿಂದ. ಪೋರ್ಚುಗೀಸ್ ಪಾದ್ರಿ ಜುವಾವ್ ರೊಡ್ರಿಗಸ್‌ರ ವ್ಯಾಕರಣ 1604ರಿಂದ ನಾಗಾಸಾಕಿಯಲ್ಲಿ ಅಚ್ಚಾಯಿತು. 1867ರಲ್ಲಿ ಅಮೆರಿಕದ ವೈದ್ಯ ಹೆಪ್‌ಬರ್ನ್ ನಿಘಂಟು ತಂದರು, ಇಂದಿಗೂ ಪ್ರಚಲಿತವಾಗಿರುವ ರೋಮನ್ ಬರವಣಿಗೆಯ ಕ್ರಮಕ್ಕೆ ಅವರದೇ ಹೆಸರು. ಲಿಪಿಯನ್ನೇ ಗುರಿಯಾಗಿಟ್ಟು ಹೊರಗಿನವರಿಗೆಂದು ಬರೆದ ಗಟ್ಟಿ ಪಠ್ಯ ಬಂದದ್ದು 1899ರಲ್ಲಿ, ಬೇಸಿಲ್ ಹಾಲ್ ಚೇಂಬರ್ಲೇನ್‌ರಿಂದ. ನಾವೊಯೆ ನಾಗಾನುಮಾ ಅವರ ವಾಚಕಗಳು ಎರಡನೇ ಮಹಾಯುದ್ಧದ ಹೊತ್ತಿಗೆ ಕೊಲರಾಡೊದ ಬೋಲ್ಡರ್‌ನಲ್ಲಿದ್ದ ಅಮೆರಿಕದ ನೌಕಾಪಡೆಯ ಶಾಲೆಯಲ್ಲಿ ಪಠ್ಯವಾದವು. ಮುಂದೆ ಜಪಾನಿ ಸಾಹಿತ್ಯವನ್ನು ಇಂಗ್ಲಿಷಿಗೆ ತಂದ ಡೊನಾಲ್ಡ್ ಕೀನ್ ಆ ಶಾಲೆಯಲ್ಲಿ ಕಲಿತವರು.

ಇವೆಲ್ಲಕ್ಕಿಂತ ಸ್ವಯಂ ಕಲಿಕೆಯ ದಿಕ್ಕು ಬದಲಿಸಿದ್ದು ಒಂದು ಸರ್ಕಾರಿ ಪಟ್ಟಿ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ದಿನಬಳಕೆಗೆ 1850 ಕಾಂಜಿಗಳು ಸಾಕೆಂದು ಜಪಾನ್ ನಿಗದಿ ಮಾಡಿತು. 1981ರಲ್ಲಿ ಅದು 1945 ಆಯಿತು, 2010ರಲ್ಲಿ 2136. ಅಲ್ಲಿಯವರೆಗೆ ಕಾಂಜಿ ಕಲಿಕೆಗೆ ದಡವೇ ಕಾಣುತ್ತಿರಲಿಲ್ಲ. ಪಟ್ಟಿ ಬಂದ ಮೇಲೆ ಒಂಟಿಯಾಗಿ ಕಲಿಯುವವನಿಗೂ ಇಂತಿಷ್ಟು ಆಯಿತು, ಇನ್ನಿಷ್ಟು ಉಳಿಯಿತು ಎಂದು ಲೆಕ್ಕ ಹಾಕುವುದು ಸಾಧ್ಯವಾಯಿತು. ಆಮೇಲಿನ ಪುಸ್ತಕಗಳೂ ಆ್ಯಪ್‌ಗಳೂ ನಿಂತಿರುವುದು ಈ ಎಣಿಕೆಯ ಮೇಲೆಯೇ.

ಆದರೂ ಗೊತ್ತಿಲ್ಲದ ಅಕ್ಷರ ಎದುರಾದಾಗ ಅದನ್ನು ಹುಡುಕುವುದು ಹೇಗೆ? ಆಂಡ್ರ್ಯೂ ನೆಲ್ಸನ್‌ರ ಕಾಂಜಿ ನಿಘಂಟು 1962ರಲ್ಲಿ ಬಂತು, ಒಂದು ತಲೆಮಾರಿನ ಓದುಗರ ಮೇಜಿನ ಮೇಲೆ ಅದು ಇದ್ದೇ ಇರುತ್ತಿತ್ತು. ನಿಹೊಂಗೊ, ಅಂದರೆ ಜಪಾನಿ ಭಾಷೆ, ಎಂಬ ಪದದ ಕೊನೆಯ ಕಾಂಜಿ ‘ಗೊ’ವನ್ನೇ ತೆಗೆದುಕೊಳ್ಳಿ. ಎಡಗಡೆ ನುಡಿಯನ್ನು ಸೂಚಿಸುವ ಭಾಗ, ಏಳು ಗೀಟು. ಬಲಗಡೆ ಮೇಲೆ ಐದು ಎಂಬ ಅಂಕಿ, ಅದಕ್ಕೆ ನಾಲ್ಕು ಗೀಟು. ಕೆಳಗೆ ಬಾಯಿ ಎಂಬ ಚೌಕ, ಅದಕ್ಕೆ ಮೂರು. ನಿಘಂಟಿನಲ್ಲಿ ಮೊದಲು ನುಡಿಯ ವರ್ಗಕ್ಕೆ ಹೋಗಿ, ಅದರಲ್ಲಿ ಉಳಿದ ಏಳು ಗೀಟುಗಳ ಗುಂಪನ್ನು ಹುಡುಕಬೇಕು. ಚೌಕಕ್ಕೆ ನಾಲ್ಕು ಬದಿಗಳಿದ್ದರೂ ಗೀಟು ಮೂರೇ, ಏಕೆಂದರೆ ಮೇಲಿನ ಬದಿಯನ್ನೂ ಬಲಬದಿಯನ್ನೂ ಕೈಯೆತ್ತದೆ ಒಂದೇ ಸಲ ಎಳೆಯುತ್ತಾರೆ. ಬರೆದು ಗೊತ್ತಿಲ್ಲದವನಿಗೆ ಈ ಎಣಿಕೆಯೇ ತಪ್ಪುತ್ತಿತ್ತು. ಕಾಗದದ ನಿಘಂಟಿನ ಕಾಲದಲ್ಲಿ ಓದಿನ ಬಾಗಿಲಿಗೆ ಬರಹವೇ ಬೀಗದ ಕೈ.

1970ರ ದಶಕದ ಕೊನೆಗೆ ನಾಗೊಯಾದ ನಾನ್‌ಜಾನ್ ವಿಶ್ವವಿದ್ಯಾಲಯದ ಧರ್ಮತತ್ತ್ವ ವಿದ್ವಾಂಸ ಜೇಮ್ಸ್ ಹೈಸಿಗ್ ತೋರಿದ ದಾರಿ ಎಲ್ಲರಿಗಿಂತ ಭಿನ್ನವಾಗಿತ್ತು. ಮೊದಲು ಉಚ್ಚಾರಣೆಯನ್ನು ಪೂರ್ತಿ ಬದಿಗಿಡಿ ಎಂದರು. ಪ್ರತಿ ಕಾಂಜಿಗೂ ಒಂದು ಇಂಗ್ಲಿಷ್ ಪದ ಅಂಟಿಸಿ, ಅದರ ಬಿಡಿಭಾಗಗಳನ್ನು ಕಲ್ಪನೆಯ ಕಥೆಯಲ್ಲಿ ಪೋಣಿಸಿ, ಎರಡು ಸಾವಿರಕ್ಕೂ ಮಿಕ್ಕ ಅಕ್ಷರಗಳನ್ನು ನೆನಪಿನಿಂದ ಬರೆಯುವುದು ಅವರ ಕ್ರಮ. ಈ ವಿಧಾನದ ಶಕ್ತಿಯನ್ನು ನಾನು ಒಪ್ಪುತ್ತೇನೆ. ಗೀಟುಗಳ ಕಾಡಿನಂತೆ ಕಂಡದ್ದು ಬಿಡಿಭಾಗಗಳಾಗಿ ಕಾಣತೊಡಗುವುದು ದೊಡ್ಡ ಬಿಡುಗಡೆ. ಆದರೆ ಅದರ ನಷ್ಟವೂ ಸಣ್ಣದಲ್ಲ. ಹೆಚ್ಚಿನ ಕಾಂಜಿಗಳಲ್ಲಿ ಒಂದು ಭಾಗ ಅರ್ಥದ ಸುಳಿವಾದರೆ ಇನ್ನೊಂದು ಉಲಿಯ ಸುಳಿವು. ‘ಗೊ’ದ ಬಲಭಾಗ ಅಲ್ಲಿರುವುದು ಐದು ಬಾಯಿಗಳ ಕಥೆ ಹೇಳಲಿಕ್ಕಲ್ಲ, ಗೊ ಎಂಬ ಉಲಿಗಾಗಿ. ಅದೇ ಬಲಭಾಗಕ್ಕೆ ಎಡದಲ್ಲಿ ಹೃದಯದ ಚಿಹ್ನೆ ಸೇರಿದರೆ ಝೆನ್ ಬೌದ್ಧರ ಸಾತೊರಿ, ಅಂದರೆ ಜ್ಞಾನೋದಯ. ಅದರ ಚೀನೀ ಮೂಲದ ಉಚ್ಚಾರಣೆಯೂ ಗೊ. ಕಥೆಯನ್ನಷ್ಟೇ ಹಿಡಿದವನಿಗೆ ಈ ಜಾಡು ಸಿಗುವುದಿಲ್ಲ. ಕನ್ನಡದಲ್ಲಿ ಯೋಚಿಸುವವರು ಇಂಗ್ಲಿಷ್ ಪದಗಳಿಗೆ ಕಾಂಜಿ ಕಟ್ಟಿಹಾಕುವುದಂತೂ ಅನಗತ್ಯ ಸುತ್ತುದಾರಿ. ಕಥೆ ಬೇಕಿದ್ದರೆ ಅದನ್ನು ಕನ್ನಡದಲ್ಲೇ ಕಟ್ಟಿಕೊಳ್ಳಬಹುದು.

ಮುಂದಿನ ತಿರುವಿಗೆ ಕಾರಣರಾದವರು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಜಿಮ್ ಬ್ರೀನ್. 1991ರಲ್ಲಿ ಅವರು ಆರಂಭಿಸಿದ ಎಡಿಕ್ಟ್ ಎಂಬ ಜಪಾನಿ-ಇಂಗ್ಲಿಷ್ ಪದಕೋಶದ ಕಡತವನ್ನು ಯಾರು ಬೇಕಾದರೂ ಬಳಸಬಹುದಿತ್ತು. ಇಂದು ಪುಕ್ಕಟೆ ಸಿಗುವ ಜಪಾನಿ ನಿಘಂಟುಗಳಲ್ಲಿ ಬಹುಪಾಲಿನ ಬೆನ್ನೆಲುಬು ಅದೂ ಅದರಿಂದ ಬೆಳೆದ ಕಡತಗಳೂ. ಈ ಸಮೀಕ್ಷೆಯಲ್ಲಿ ಅತಿ ಹೆಚ್ಚು ಜನರಿಗೆ ಉಪಕಾರವಾದ ಕೆಲಸ ಇದೇ ಎಂಬುದು ನನ್ನ ಎಣಿಕೆ. 1997ರಲ್ಲಿ ಹುಟ್ಟಿದ ಆವೊಝೊರಾ ಬುಂಕೊ ಹಕ್ಕುಸ್ವಾಮ್ಯ ಮುಗಿದ ಸಾಹಿತ್ಯವನ್ನು ಅಂತರಜಾಲಕ್ಕೆ ತಂದಿತು. 2006ರಲ್ಲಿ ಡೇಮಿಯನ್ ಎಲ್ಮ್ಸ್ ಬಿಡುಗಡೆ ಮಾಡಿದ ಆಂಕಿ ತಂತ್ರಾಂಶ, ಮರೆಯುವ ಹೊತ್ತಿಗೆ ಸರಿಯಾಗಿ ಅಕ್ಷರವನ್ನು ಮತ್ತೆ ಕಣ್ಣೆದುರು ತರುವ ಕ್ರಮವನ್ನು ಮನೆಮನೆಗೆ ಮುಟ್ಟಿಸಿತು. 2012ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಸರಳ ಜಪಾನಿಯ ಸುದ್ದಿಗಳನ್ನು, ಕಾಂಜಿಯ ಮೇಲೆ ಕಾನ ಅಕ್ಷರದ ಉಚ್ಚಾರಣೆ ಸಹಿತ, ಕೊಡತೊಡಗಿತು. ಅದೇ ವರ್ಷ ಬಂದ ವಾನಿಕಾನಿ ಎಂಬ ಕಾಂಜಿ ಕಲಿಕೆಯ ಜಾಲತಾಣ ಹೈಸಿಗ್‌ರಂತೆಯೇ ಬಿಡಿಭಾಗಗಳನ್ನೂ ಕಥೆಗಳನ್ನೂ ಉಳಿಸಿಕೊಂಡು ಕೈಬರಹವನ್ನು ಕೈಬಿಟ್ಟಿತು. ಉತ್ತರವನ್ನು ಟೈಪ್ ಮಾಡಿದರೆ ಸಾಕು.

ಅದಕ್ಕೆ ಹಿನ್ನೆಲೆಯೂ ಇತ್ತು. 1978ರಲ್ಲಿ ತೊಶಿಬಾ ಪ್ರಕಟಿಸಿದ 63 ಲಕ್ಷ ಯೆನ್ ಬೆಲೆಯ ಯಂತ್ರ, ಕಾನದಲ್ಲಿ ಒತ್ತಿದ್ದನ್ನು ಕಾಂಜಿಗೆ ತಿರುಗಿಸುವ ಕೆಲಸ ಶುರುಮಾಡಿತು. ಅಲ್ಲಿಂದ ಮುಂದೆ ಜಪಾನಿಯರ ಬರವಣಿಗೆಯೇ ಆರಿಸುವ ಕೆಲಸವಾಯಿತು. 2010ರ ಪಟ್ಟಿಗೆ 29 ಗೀಟುಗಳ ಅಕ್ಷರವೊಂದು ಸೇರಿದಾಗ, ಪಟ್ಟಿಯಲ್ಲಿರುವ ಎಲ್ಲವನ್ನೂ ಕೈಯಲ್ಲಿ ಬರೆಯಲೇಬೇಕೆಂದಿಲ್ಲ ಎಂದು ಪಟ್ಟಿ ಮಾಡಿದವರೇ ಒಪ್ಪಿದರು. 1984ರಿಂದ ನಡೆಯುತ್ತಿರುವ, ಬೆಂಗಳೂರಿನಲ್ಲೂ ಕೇಂದ್ರವಿರುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಒಂದಕ್ಷರವನ್ನೂ ಬರೆಯಬೇಕಿಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸಿದರೆ ಆಯಿತು. ಈಗ ಫೋನಿನ ಕ್ಯಾಮೆರಾ ಹಿಡಿದರೆ ಫಲಕದ ಅರ್ಥವೂ ಸಿಗುತ್ತದೆ.

ಹಾಗಿದ್ದರೂ ಆರಂಭದಲ್ಲಿ ಬರೆಯುವುದನ್ನು ಬಿಡುವುದು ತಪ್ಪು ಎಂದೇ ನನ್ನ ನಿಲುವು. ಕಾತಾಕಾನದ ಶಿ ಮತ್ತು ತ್ಸು ಅಕ್ಷರಗಳನ್ನು ನೋಡಿ: ಎರಡರಲ್ಲೂ ಎರಡು ಗಿಡ್ಡ ಗೀಟು, ಒಂದು ಉದ್ದನೆಯದು. ಶಿ ಬರೆಯುವಾಗ ಗಿಡ್ಡ ಗೀಟುಗಳು ಒಂದರ ಕೆಳಗೊಂದು ಬರುತ್ತವೆ, ಉದ್ದನೆಯದು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ತ್ಸುವಿನಲ್ಲಿ ಗಿಡ್ಡ ಗೀಟುಗಳು ಅಕ್ಕಪಕ್ಕ ನಿಲ್ಲುತ್ತವೆ, ಉದ್ದನೆಯದು ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಕಣ್ಣಿಗೆ ಗೊಂದಲವಾಗುವ ಈ ಜೋಡಿಯನ್ನು ಕೆಲವು ಸಾಲು ಬರೆದ ಕೈ ತಡವರಿಸದೆ ಬೇರ್ಪಡಿಸುತ್ತದೆ.

ಎರಡು ಸಾವಿರ ಕಾಂಜಿಗಳನ್ನೂ ಕೈಯಲ್ಲಿ ಬರೆಯುವ ಹಟ ಎಲ್ಲರಿಗೂ ಬೇಡ. ಕಾನ ಪೂರ್ತಿ, ಅದರ ಮೇಲೆ ಜಪಾನಿನ ಮಕ್ಕಳು ಒಂದನೇ ತರಗತಿಯಲ್ಲಿ ಕಲಿಯುವ 80 ಕಾಂಜಿಗಳನ್ನು ಗೀಟಿನ ಕ್ರಮ ತಪ್ಪದೆ ಬರೆದು ರೂಢಿಸಿಕೊಂಡರೆ, ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಎಂಬ ನಿಯಮ ಕೈಗೆ ಹತ್ತುತ್ತದೆ. ಮುಂದಿನ ಅಕ್ಷರಗಳನ್ನು ಓದಿನಿಂದ, ಟೈಪಿಂಗ್‌ನಿಂದ ಗಳಿಸಬಹುದು. ತಮ್ಮ ಬರವಣಿಗೆಯನ್ನೇ ಒರೆಗೆ ಹಚ್ಚಬೇಕೆನ್ನುವವರಿಗೆ 1975ರಲ್ಲಿ ಶುರುವಾದ ಕಾಂಕೆನ್ ಎಂಬ ಕಾಂಜಿ ಪರೀಕ್ಷೆ ಇದೆ. ಅದು ಜಪಾನಿಯರಿಗೆಂದೇ ಹುಟ್ಟಿದ್ದು, ಹೊರಗಿನವರೂ ಬರೆಯಬಹುದು. ಅದರ ಅತಿ ಕೆಳಗಿನ ಮೆಟ್ಟಿಲಾದ ಹತ್ತನೇ ಹಂತದಲ್ಲಿ ಕೇಳುವುದು ಆ 80 ಕಾಂಜಿಗಳನ್ನೇ.