ಹವೀಜದ ಡಬ್ಬಿಯಿಂದ ಕಿಟಕಿಯ ಕುಂಡಕ್ಕೆ

ಸಂತೆಯಿಂದ ತಂದ ಒಂದು ಸಿವುಡು ಕೊತ್ತಂಬರಿಯಲ್ಲಿ ಅರ್ಧ ಸಾರಿಗೆ ಬೀಳುತ್ತದೆ, ಉಳಿದರ್ಧ ಮೂರನೆಯ ದಿನ ಬಾಡಿ ತಿಪ್ಪೆ ಸೇರುತ್ತದೆ. ಈ ನಷ್ಟ ಮನಸ್ಸಿಗೆ ಹತ್ತಿದವರು ಕಿಟಕಿಯ ಬಳಿ ಒಂದು ಕುಂಡವಿಟ್ಟು, ಬೇಕಾದಷ್ಟನ್ನೇ ಚಿವುಟಿಕೊಳ್ಳುವ ಯೋಚನೆ ಮಾಡುತ್ತಾರೆ. ಇದು ಶಹರದವರ ಹೊಸ ಹವ್ಯಾಸವೆಂದು ಹಲವರ ತಿಳುವಳಿಕೆ. ಕೃಷ್ಣೆಯ ದಂಡೆಯ ಉಗಾರ ಬುದ್ರುಕದ ಸೀಮೆಯಿಂದ ನೋಡಿದರೆ ಮಾತು ತಿರುಗುಮುರುಗಾಗುತ್ತದೆ. ಅಡಿಗೆಯ ಎಲೆಯನ್ನು ದುಡ್ಡು ಕೊಟ್ಟು ಕೊಳ್ಳುವುದೇ ಇಲ್ಲಿ ಈಚಿನ ರೂಢಿ.

ಊರಿನ ಹೆಸರಿನಲ್ಲೇ ಒಂದು ಸುಳಿವಿದೆ. ‘ಬುದ್ರುಕ’ವೆಂದರೆ ಪಾರಸಿಯ ‘ಬುಜುರ್ಗ್’, ಹಿರಿದು; ನೆರೆಯ ಉಗಾರ ಖುರ್ದದ ‘ಖುರ್ದ’ ಕಿರಿದು. ಸುಲ್ತಾನರ ಕಾಲದ ದಫ್ತರಗಳಿಂದ ಬಂದ ಮಾತುಗಳಿವು. ‘ಪುದೀನ’ ಎಂಬ ಹೆಸರೂ ಆ ಪಾರಸಿಯದೇ. ಕೊತ್ತಂಬರಿ ಇನ್ನೂ ಹಳಬ. ಸಂಸ್ಕೃತದ ‘ಕುಸ್ತುಂಬುರು’ ಅದರ ಮೂಲ. ಪಾಣಿನಿ ಆ ಒಂದು ಶಬ್ದಕ್ಕಾಗಿಯೇ ಸೂತ್ರ ಬರೆದಿದ್ದಾನೆ. 1922ರಲ್ಲಿ ಪತ್ತೆಯಾದ ಈಜಿಪ್ತಿನ ತುತಾಂಖಾಮನ್ ಅರಸನ ಗೋರಿಯಲ್ಲೂ ಅದರ ಬೀಜ ದೊರೆಯಿತು. ಕರಿಬೇವಿಗೆ ಮಾತ್ರ ಯಾರಿಂದಲೂ ಹೆಸರು ಕಡ ತರಬೇಕಾಗಲಿಲ್ಲ.

ಕನ್ನಡದಲ್ಲಿ ಈ ಸಂಗತಿಗಳು ಬರಹಕ್ಕೆ ಬಂದದ್ದೂ ಬಲು ಹಿಂದೆ. ಕಲ್ಯಾಣ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ 1025ರಲ್ಲಿ ‘ಲೋಕೋಪಕಾರ’ವನ್ನು ರಚಿಸಿದ. ನೆಲದೊಳಗಿನ ನೀರನ್ನು ಕಂಡುಹಿಡಿಯುವುದು, ಗಿಡಮರಗಳ ಆರೈಕೆ, ಅಡಿಗೆಯ ವಿಧಾನ, ಮೂರಕ್ಕೂ ಆ ಒಂದೇ ಗ್ರಂಥದಲ್ಲಿ ಜಾಗವಿದೆ. ಬಾವಿ, ಗಿಡ, ಒಲೆ ಬೇರೆಬೇರೆ ಶಾಸ್ತ್ರಗಳಾಗಿ ಹಂಚಿಹೋದದ್ದು ಆಮೇಲಿನ ಮಾತು.

ಹಿತ್ತಲಲ್ಲಿ ಅವು ಹಂಚಿಹೋಗಿರಲಿಲ್ಲ. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಹರಿದುಹೋಗುವ ಕಡೆ ಕರಿಬೇವು. ಅದರ ಮಗ್ಗುಲಿಗೆ ಸಣ್ಣ ಮಡಿಯಲ್ಲಿ ಕೊತ್ತಂಬರಿ, ಮೆಂತೆ. ಬೀಜಕ್ಕೆ ಅಂಗಡಿಗೆ ಹೋಗಬೇಕಾಗಿರಲಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಎಲೆ ಕೊತ್ತಂಬರಿಯಾದರೆ ಬೀಜ ಹವೀಜ, ಅದು ಮಸಾಲೆ ಡಬ್ಬಿಯಲ್ಲೇ ಇರುತ್ತದೆ. ಈ ಬೇಸಾಯದ ಯಜಮಾನಿಕೆ ಹೆಂಗಸರದು. ಅದರ ಉಳಿತಾಯ ಯಾವ ಖಾತೆಪುಸ್ತಕಕ್ಕೂ ಏರಲಿಲ್ಲವೆಂದೇ ಅದು ಸಣ್ಣದೆನಿಸಿತು. ‘ಹಿತ್ತಲ ಗಿಡ ಮದ್ದಲ್ಲ’ ಎಂದು ಗಾದೆ ಕಟ್ಟಿದವರು ಆ ಗಿಡಕ್ಕೆ ನೀರು ಹಾಕಿದವರಂತೂ ಇರಲಾರರು!

1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಅದೇ ವರ್ಷ ಯುದ್ಧಕ್ಕಿಳಿದ ಬ್ರಿಟನ್ ತನ್ನ ಪ್ರಜೆಗಳಿಗೆ ಮನೆಯಂಗಳ ಅಗೆದು ತರಕಾರಿ ಬೆಳೆಯಿರೆಂದು ಕರೆ ಕೊಟ್ಟಿತು. ಭಾರತಕ್ಕೂ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ ಬಂತು, ಆದರೆ ಅದರ ಕಣ್ಣಿದ್ದದ್ದು ಮುಖ್ಯವಾಗಿ ಧಾನ್ಯದ ಮೇಲೆ. ಕೃಷ್ಣೆಯ ದಂಡೆಗೆ ಮಾತ್ರ ಕಬ್ಬು ಹಬ್ಬಿತು.

ಕಬ್ಬು ಬಂದೊಡನೆ ಎಲೆ ಹೋಗಲಿಲ್ಲ. ಹೊಸದಾಗಿ ನೆಟ್ಟ ಕಬ್ಬು ಎತ್ತರವಾಗುವ ಮುನ್ನ ಬೋದಿನ ಮೇಲೆ ಕೊತ್ತಂಬರಿ, ಮೆಂತೆ, ಉಳ್ಳಾಗಡ್ಡಿ ಹಾಕುವ ರೂಢಿಯಿತ್ತು. ಹಿತ್ತಲಿಲ್ಲದ ಕೂಲಿಯವಳೂ ಕಳೆ ತೆಗೆದು ಬರುವಾಗ ಸೆರಗಿನಲ್ಲೊಂದು ಹಿಡಿ ತರಬಹುದಿತ್ತು. ಆಮೇಲೆ ಕಳೆನಾಶಕ ಬಂತು. ಅಗಲ ಎಲೆಯ ಕಳೆಯನ್ನು ಕೊಲ್ಲುವ ಔಷಧಕ್ಕೆ ಕೊತ್ತಂಬರಿಯೂ ಕಳೆಯೇ. ಕಳೆ ಕೀಳುವ ಕೂಲಿಯ ಜೊತೆಗೆ ಆ ಹಿಡಿ ಸೊಪ್ಪೂ ಹೋಯಿತು. ಮನೆಗಳು ಒತ್ತೊತ್ತಾಗಿ, ಹಿತ್ತಲಿಗೆ ಫರಶಿ ಬಿದ್ದಾಗ ಉಳಿದವರೂ ಸಂತೆಯ ದಾರಿ ಹಿಡಿದರು.

ಈಗ ಕುಂಡ. ಅದರಿಂದ ದುಡ್ಡು ಉಳಿಯುತ್ತದೆಯೇ? ಎಲ್ಲ ಗಿಡದಿಂದಲೂ ಅಲ್ಲ. ಹವೀಜದ ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಬೇಕು. ಮೊಳಕೆಗೆ ವಾರ ಹತ್ತು ದಿನ, ಕೊಯ್ಲಿಗೆ ಸುಮಾರು 40 ದಿನ. ಬಿಸಿಲು ಕಾಣದ ಮೂಲೆಯಲ್ಲಿ ಅದು ಸೊರಗಿ ಉದ್ದವಾಗುತ್ತದೆ, ಬೇಸಿಗೆಯಲ್ಲಿ ಬೇಗನೆ ಹೂವಿಗೆ ತಿರುಗುತ್ತದೆ. ನಾಲ್ಕಾರು ಜನರ ಮನೆಗೆ ಒಂದು ಕುಂಡ ಸಾಲದು. ಹದಿನೈದು ದಿನಕ್ಕೊಮ್ಮೆ ಹೊಸ ಕುಂಡಕ್ಕೆ ಬಿತ್ತುತ್ತ ಹೋದರೆ ಒಂದಿಷ್ಟು ನೀಗೀತು. ಕರಿಬೇವಿಗೆ ದೊಡ್ಡ ಕುಂಡವೂ ಬಿಸಿಲೂ ಬೇಕು, ಮೊದಲ ವರ್ಷ ಎಲೆ ಕೀಳದಷ್ಟು ತಾಳ್ಮೆಯೂ ಬೇಕು.

ಖರ್ಚಿಲ್ಲದೆ ಕೈಗೂಡುವುದು ಪುದೀನ. ಸಂತೆಯ ಸಿವುಡಿನಿಂದ ಎರಡು ಗಟ್ಟಿ ಕಡ್ಡಿ ಆರಿಸಿ, ಕೆಳಗಿನ ಎಲೆ ಚಟ್ನಿಗೆ ಕಿತ್ತುಕೊಂಡು, ನೀರಿನ ಲೋಟದಲ್ಲಿ ನಿಲ್ಲಿಸಿದರೆ ಎರಡು ವಾರದೊಳಗೆ ಬೇರು ಬರುತ್ತದೆ. ಆಮೇಲೆ ತಳಕ್ಕೆ ತೂತಿರುವ ಹಳೆಯ ಡಬ್ಬಿ ಸಾಕು, ಅಕ್ಕಿ ತೊಳೆದ ನೀರು ಸಾಕು.