ಕೆಚಪ್ಪಿನೊಳಗಿನ ಮೀನು

ಟೊಮೆಟೊ ಕೆಚಪ್ ಶುದ್ಧ ಸಸ್ಯಾಹಾರ. ಬಾಟಲಿ ಮೇಲೆ ಹಸಿರು ಚುಕ್ಕೆ ಇದೆ, ಅನುಮಾನ ಬೇಡ. ಆದ್ರೆ ಅದರ ಹೆಸರಿದೆಯಲ್ಲ, ಕೆಚಪ್ ಅನ್ನೋದು, ಅದು ಮಾತ್ರ ಮೀನಿಂದು. ಉಪ್ಪು ಬೆರೆಸಿ ತಿಂಗಳುಗಟ್ಟಲೆ ಇಟ್ಟು, ಕರಗಿ ನೀರಾದ ಮೀನಿಂದು.

ಮೂಗು ಮುರಿದ್ರಾ? ಪರವಾಗಿಲ್ಲ. ಮೀನಿನ ವಾಸನೆಗೆ ಮೂಗು ಮುರಿಯೋದಕ್ಕೆ ಎರಡು ಸಾವಿರ ವರ್ಷಗಳ ಚರಿತ್ರೆ ಇದೆ. ಯಾರ ಮನೆಯ ಮೀನು ನಾರುತ್ತೆ, ಯಾರ ಮನೆಯದು ಘಮಘಮಿಸುತ್ತೆ ಅನ್ನೋದನ್ನ ಆ ಚರಿತ್ರೆ ಚೆನ್ನಾಗಿ ಹೇಳುತ್ತೆ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಬಾಡಿಗೆ ಮನೆ ಹುಡುಕುವಾಗ. ನಾನು ಕರಾವಳಿಯವನು. ಬೆಂಗಳೂರಲ್ಲಿ ಒಬ್ಬ ಯಜಮಾನರು ಮನೆಯೆಲ್ಲ ತೋರಿಸಿ, ಅಡ್ವಾನ್ಸ್ ಮಾತಾಡಿ, ಕೊನೆಗೆ ಕೇಳಿದ್ರು: "ಯಾವ ಊರು ನಿಮ್ದು?" ಹೇಳಿದೆ. "ಚಿಕನ್ ಗಿಕನ್ ಮಾಡ್ಕೊಳ್ಳಿ, ನಮ್ದೇನೂ ಅಭ್ಯಂತರ ಇಲ್ಲ. ಮೀನು ಮಾತ್ರ ಬೇಡ ಕಣ್ರೀ, ಮಹಡಿ ತನಕ ವಾಸನೆ ಹತ್ತುತ್ತೆ." ಬಹಳ ಮರ್ಯಾದೆಯಿಂದಲೇ ಹೇಳಿದ್ರು. ಜಾತಿ ಕೇಳಲಿಲ್ಲ. ಕೇಳೋ ಅಗತ್ಯ ಬೀಳಲಿಲ್ಲ ಅಂತ ಆಮೇಲೆ ಅನ್ನಿಸ್ತು. ನಾನು ಬೇರೆ ಮನೆ ನೋಡ್ಕೊಂಡೆ, ಜೊತೆಗೆ ಮೀನಿನ ವಾಸನೆಯ ಚರಿತ್ರೆ ಓದೋ ಚಟವನ್ನೂ ಹಚ್ಕೊಂಡೆ.

ಈ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಪಾಂಪೇಯ ಒಬ್ಬ ವ್ಯಾಪಾರಿ. ಹೆಸರು ಔಲಸ್ ಉಂಬ್ರಿಸಿಯಸ್ ಸ್ಕೌರಸ್. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಡಿ ಹೂತುಹೋದ ಊರಲ್ಲವೇ ಪಾಂಪೇಯಿ, ಅಲ್ಲಿ ಇವನದ್ದು ಗಾರಮ್ ವ್ಯಾಪಾರ. ಗಾರಮ್ ಅಂದ್ರೆ ರೋಮನ್ನರ ಮೀನಿನ ಸಾಸು. ಸಣ್ಣ ಮೀನುಗಳನ್ನು ಕರುಳಿನ ಸಮೇತ ಉಪ್ಪಿನ ಜೊತೆ ಪದರ ಪದರವಾಗಿ ತೊಟ್ಟಿಗೆ ತುಂಬಿ ಬಿಸಿಲಿಗೆ ಬಿಡ್ತಿದ್ರು. ಮೀನಿನ ಹೊಟ್ಟೆಯಲ್ಲಿ ಇರೋ ಕಿಣ್ವಗಳೇ ಅದರ ಮಾಂಸವನ್ನು ಕರಗಿಸುತ್ತವೆ. ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತೆ. ಕೆಡಿಸೋ ಬ್ಯಾಕ್ಟೀರಿಯಾಗಳಿಗೆ ಉಪ್ಪು ಜಾಗ ಕೊಡಲ್ಲ. ತಿಂಗಳುಗಳು ಕಳೆದ ಮೇಲೆ ಸೋಸಿದ್ರೆ ಸಿಗೋದು ಹೊಂಬಣ್ಣದ, ಉಪ್ಪುಪ್ಪಾದ, ಅನ್ನಕ್ಕೆ ಎರಡು ಹನಿ ಬಿದ್ರೂ ಸಾಕು ಅನ್ನಿಸೋ ರಸ.

ರೋಮ್ ಸಾಮ್ರಾಜ್ಯ ಇದನ್ನ ಎಲ್ಲದಕ್ಕೂ ಹಾಕ್ತಿತ್ತು: ಮಾಂಸಕ್ಕೆ, ತರಕಾರಿಗೆ, ಸಿಹಿಗೂ ಕೂಡ. ದಕ್ಷಿಣ ಸ್ಪೇನಿನ ಬೈಲೊ ಕ್ಲಾಡಿಯಾದಲ್ಲಿ ಮೀನಿಗೆ ಉಪ್ಪು ಹಾಕ್ತಿದ್ದ ತೊಟ್ಟಿಗಳ ಸಾಲನ್ನ ಇವತ್ತೂ ನೋಡಬಹುದು. ಒಳ್ಳೇ ದರ್ಜೆಯ ಗಾರಮ್ ಸುಮಾರು ಆರೂವರೆ ಲೀಟರಿಗೆ ಸಾವಿರ ನಾಣ್ಯ ಬಾಳ್ತಿತ್ತು, ಸುಗಂಧದ್ರವ್ಯ ಬಿಟ್ರೆ ಇಷ್ಟು ದುಬಾರಿ ದ್ರವ ಇನ್ನೊಂದಿಲ್ಲ ಅಂತ ಪ್ಲಿನಿ ಬರೆದಿದ್ದಾನೆ. ಅದೇ ಶತಮಾನದ ತತ್ವಜ್ಞಾನಿ ಸೆನೆಕಾಗೆ ಮಾತ್ರ ಅದು ದುಡ್ಡು ಕೊಟ್ಟು ತರೋ ಕೊಳಕು, ಹೊಟ್ಟೆ ಸುಡೋ ವಸ್ತು. ನೋಡಿ, ಒಂದೇ ಬಾಟಲಿ, ಎರಡು ಮೂಗು.

ಸ್ಕೌರಸ್ ಇದಕ್ಕೆಲ್ಲ ತಲೆ ಕೆಡಿಸ್ಕೊಂಡವನಲ್ಲ. ತನ್ನ ಮನೆಯ ಅಂಗಳದ ನೆಲದಲ್ಲಿ, ಬಂದ ಅತಿಥಿಗಳಿಗೆಲ್ಲ ಕಾಣೋ ಹಾಗೆ, ಗಾರಮ್ ಜಾಡಿಗಳ ಚಿತ್ರವನ್ನು ಮೊಸಾಯಿಕ್‌ನಲ್ಲಿ ಕೂರಿಸಿದ. ಒಂದರ ಮೇಲೆ, ಇದು ಸ್ಕೌರಸ್‌ನ ಕಾರ್ಖಾನೆಯ ಬಂಗುಡೆ ಜಾತಿಯ ಮೀನಿನ ಉತ್ತಮ ಗಾರಮ್ ಅನ್ನೋ ಅರ್ಥದ ಬರಹ. ಮಗ ಊರಿನ ಅತಿ ದೊಡ್ಡ ಅಧಿಕಾರಿಯ ಹುದ್ದೆಗೆ ಏರಿದ. ಅವನು ತೀರಿಕೊಂಡಾಗ ಪೇಟೆಯ ಚೌಕದಲ್ಲಿ ಕುದುರೆ ಏರಿದ ಪ್ರತಿಮೆ ನಿಲ್ಲಿಸೋಕೆ ನಗರಸಭೆ ನಿರ್ಣಯ ಮಾಡ್ತು. ಮೀನಿನ ದುಡ್ಡಿಗೆ ಯಾವ ವಾಸನೆಯೂ ಬರಲಿಲ್ಲ.

ರೋಮ್ ಕುಸಿದ ಮೇಲೆ ಪಶ್ಚಿಮ ಯೂರೋಪು ಗಾರಮ್ಮನ್ನ ಬಹುಮಟ್ಟಿಗೆ ಮರೆತುಬಿಡ್ತು. ಏಷ್ಯಾದ ಪೂರ್ವದಂಚಿನಲ್ಲಿ ಇಂಥದ್ದೇ ಅಡುಗೆ ತನ್ನ ಪಾಡಿಗೆ ನಡೀತಾ ಇತ್ತು. ಆರನೇ ಶತಮಾನದ ಚೀನೀ ಕೃಷಿಗ್ರಂಥವೊಂದು ಮೀನಿನ ಕರುಳನ್ನು ತೊಳೆದು, ಉಪ್ಪು ಹಾಕಿ, ಜಾಡಿಯಲ್ಲಿ ಮುಚ್ಚಿ ಬಿಸಿಲಿಗಿಡೋ ವಿಧಾನ ಕೊಡುತ್ತೆ. ಬೇಸಿಗೆಯಲ್ಲಾದ್ರೆ 20 ದಿನ, ಚಳಿಗಾಲದಲ್ಲಾದ್ರೆ 100 ದಿನ. ನಮ್ಮ ಅಜ್ಜಿಯರು ಉಪ್ಪಿನಕಾಯಿ ಜಾಡಿಗೆ ಇಡೋ ಲೆಕ್ಕದ ಹಾಗೇ ಇದೆ. ಮುಂದೆ ಚೀನಾದಲ್ಲಿ ಸೋಯಾ ಸಾಸು ಮೇಲುಗೈ ಪಡೀತು. ವಿಯೆಟ್ನಾಂ, ಥಾಯ್ಲೆಂಡ್ ಕಡೆ ಮೀನೇ ಉಳೀತು.

ದಕ್ಷಿಣ ಚೀನಾದ ಫೂಜಿಯಾನ್ ಕರಾವಳಿಯ ಹೊಕ್ಕಿಯನ್ ಮಾತಾಡೋ ವ್ಯಾಪಾರಿಗಳು ಆಗ್ನೇಯ ಏಷ್ಯಾದ ಬಂದರುಗಳಲ್ಲೆಲ್ಲ ಇದ್ರು. ಮೀನಿನ ಈ ರಸಕ್ಕೆ ಅವರ ಮಾತಲ್ಲಿ 'ಕೆ-ಚ್ಯಪ್' ಅನ್ನೋ ಥರದ ಹೆಸರು. ಕೆಚಪ್ ಅನ್ನೋ ಪದದ ಬೇರು ಇಲ್ಲೇ ಅಂತ ಬಹಳ ಭಾಷಾತಜ್ಞರು ಒಪ್ತಾರೆ. ಹದಿನೇಳನೇ ಶತಮಾನದಲ್ಲಿ ಆ ಬಂದರುಗಳಿಗೆ ಬಂದ ಇಂಗ್ಲಿಷ್ ನಾವಿಕರು ಒಣ ಬಿಸ್ಕತ್ತು, ಉಪ್ಪುಮಾಂಸ ತಿಂದು ನಾಲಿಗೆ ಸತ್ತವರು. ಅವರಿಗೆ ಈ ರಸ ಹಿಡಿಸದೆ ಇರುತ್ತಾ? ವಿಯೆಟ್ನಾಂನ ಮೀನಿನ ಸಾಸನ್ನು ಕಂಡ ನಾವಿಕ ವಿಲಿಯಂ ಡ್ಯಾಂಪಿಯರ್, ಅದು ಕೋಳಿಗೆ ಒಳ್ಳೇ ಜೊತೆ, ಯೂರೋಪಿಯನ್ನರೂ ಮೆಚ್ಚಿ ತಿಂತಾರೆ ಅಂತ 1699ರಲ್ಲಿ ಅಚ್ಚಾದ ಪುಸ್ತಕದಲ್ಲಿ ದಾಖಲಿಸಿದ್ದಾನೆ.

ಊರಿಗೆ ಮರಳಿದವರಿಗೆ ಆ ರುಚಿ ಬೇಕು, ಸಾಮಾನು ಸಿಗಲ್ಲ. ಹೊರದೇಶದಲ್ಲಿ ಕೂತು ಬಿಸಿಬೇಳೆ ಬಾತ್ ಮಾಡೋ ನಮ್ಮವರ ಪಾಡೇ. ಕೈಗೆ ಸಿಕ್ಕಿದ್ದರಲ್ಲಿ ಸುಧಾರಿಸಿದ್ರು. 1727ರಲ್ಲಿ ಎಲಿಜಾ ಸ್ಮಿತ್ ಬರೆದ ಅಡುಗೆ ಪುಸ್ತಕದ 'ಇಂಗ್ಲಿಷ್ ಕೆಚಪ್' ಹೀಗಿದೆ: ಆಂಚೊವಿ ಮೀನು, ಸಣ್ಣ ಈರುಳ್ಳಿ, ವಿನಿಗರ್, ವೈನು, ಶುಂಠಿ, ಲವಂಗ, ಮೆಣಸು, ಜಾಯಿಕಾಯಿ. ಟೊಮೆಟೊ ಹೆಸರೇ ಇಲ್ಲ. ಆಂಚೊವಿ ಅಂದ್ರೆ ನಮ್ಮ ಮಂಗಳೂರು ಕಡೆಯ ಬೊಲೆಂಜಿರ್‌ನ ಬಳಗ. 1747ರ ಹ್ಯಾನಾ ಗ್ಲಾಸ್ ಪುಸ್ತಕದಲ್ಲಿ 20 ವರ್ಷ ಕೆಡದ ಕೆಚಪ್ ಇದೆ, ಹಡಗಿನ ಕ್ಯಾಪ್ಟನ್‌ಗಳಿಗೋಸ್ಕರ. ಆಮೇಲೆ ಅಣಬೆ ಕೆಚಪ್, ಆಕ್ರೋಟಿನ ಕೆಚಪ್ ಬಂದವು. 1812ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಜೇಮ್ಸ್ ಮೀಸ್ ಟೊಮೆಟೊ ಹಾಕಿದ ಕೆಚಪ್ಪಿನ ವಿಧಾನ ಪ್ರಕಟಿಸಿದ. ಆರಂಭದ ಕೆಲವು ಟೊಮೆಟೊ ಕೆಚಪ್‌ಗಳಲ್ಲೂ ಆಂಚೊವಿ ಇತ್ತು. ಬರ್ತಾ ಬರ್ತಾ ಮೀನು ಜಾರಿಕೊಳ್ತು, ಸಕ್ಕರೆ ಬಂದು ಕೂತ್ಕೊಂಡಿತು. 1876ರಲ್ಲಿ ಹೈಂಜ್ ಕಂಪನಿ ಬಾಟಲಿ ಮಾರೋಕೆ ಶುರು ಮಾಡ್ತು. ಹೆಸರು ಮಾತ್ರ ಹಾಗೇ ಉಳೀತು.

ಮೀನಿನ ಜಾಗಕ್ಕೆ ಟೊಮೆಟೊ ಬಂದ್ರೂ ನಾಲಿಗೆ ಯಾಕೆ ತಕರಾರು ತೆಗೀಲಿಲ್ಲ? ಇದಕ್ಕೆ ಉತ್ತರ ಟೋಕಿಯೋದಲ್ಲಿ ಸಿಕ್ತು. 1908ರಲ್ಲಿ ಕಿಕುನಾಯೆ ಇಕೆಡಾ ಅನ್ನೋ ರಸಾಯನಶಾಸ್ತ್ರಜ್ಞ, ಜಪಾನಿ ಸಾರಿಗೆ ಹಾಕೋ ಕೊಂಬು ಅನ್ನೋ ಕಡಲಪಾಚಿಯಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ 'ಉಮಾಮಿ' ಅಂತ ಹೆಸರಿಟ್ಟ. ಮರುವರ್ಷವೇ ಅದು ಅಜಿನೊಮೊಟೊ ಅನ್ನೋ ಪುಡಿಯಾಗಿ ಮಾರುಕಟ್ಟೆಗೆ ಬಂತು. ಮಾಗಿದ ಟೊಮೆಟೊದಲ್ಲಿ ಗ್ಲುಟಮೇಟ್ ಧಾರಾಳ. ಮೀನಿನ ಸಾಸಲ್ಲೂ ಧಾರಾಳ. ಹಾಗಾಗಿ ಬೀದಿಬದಿ ಗಾಡಿಯ ಗೋಬಿ ಮಂಚೂರಿಗೆ ಕೆಚಪ್ ಸುರಿದು, ಮೇಲೊಂದು ಚಿಟಿಕೆ ಟೇಸ್ಟಿಂಗ್ ಪೌಡರ್ ಉದುರಿಸೋ ಹುಡುಗ, ತನಗೆ ಗೊತ್ತಿಲ್ಲದೇ ಸ್ಕೌರಸ್‌ನ ಕಸುಬನ್ನೇ ಮುಂದುವರಿಸ್ತಾ ಇದ್ದಾನೆ. ಮೀನು ಇಲ್ಲ, ಮೀನಿನ ಕೆಲಸ ನಡೀತಾ ಇದೆ.

ಜಪಾನಿ ಸಾರಿನ ಇನ್ನೊಂದು ಕಾಲು ಕತ್ಸುವೊಬುಶಿ. ಸ್ಕಿಪ್‌ಜ್ಯಾಕ್ ಅನ್ನೋ ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆ ಥರ ಗಟ್ಟಿಯಾಗೋ ತನಕ ಒಣಗಿಸಿ, ಹೆರೆದು ಹಾಕ್ತಾರೆ. ಇದರ ಹತ್ತಿರದ ನೆಂಟ ನಮ್ಮ ಪಕ್ಕದಲ್ಲೇ ಇದ್ದಾನೆ. 1340ರ ದಶಕದಲ್ಲಿ ಮಾಲ್ಡೀವ್ಸ್‌ನಲ್ಲಿದ್ದ ಇಬ್ನ್ ಬತೂತ, ಅಲ್ಲಿನವರು ಮೀನನ್ನು ನಾಲ್ಕು ಹೋಳು ಮಾಡಿ, ತುಸು ಬೇಯಿಸಿ, ಗರಿಬುಟ್ಟಿಯಲ್ಲಿಟ್ಟು ಹೊಗೆಗೆ ಕಟ್ತಾರೆ, ಅದು ಇಂಡಿಯಾ, ಚೀನಾ, ಯೆಮನ್‌ಗೆ ಹೋಗುತ್ತೆ ಅಂತ ಬರೆದ. ವಾಸನೆ? ಕುರಿಮಾಂಸದ ಹಾಗಿದೆ ಅಂದ, ಅಷ್ಟೇ. ಲಕ್ಷದ್ವೀಪದಲ್ಲಿ ಇದನ್ನ ಇವತ್ತೂ ಮಾಸ್ ಅಂತಾರೆ. ಆ ದ್ವೀಪಗಳಲ್ಲಿ ಉತ್ತರದ ಅಮಿನ್‌ದಿವಿ ಗುಂಪು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು.

ನಮ್ಮ ಕರಾವಳಿ ಮೀನನ್ನು ಕರಗಿಸೋ ದಾರಿ ಹಿಡಿಯಲಿಲ್ಲ, ಒಣಗಿಸೋ ದಾರಿ ಹಿಡೀತು. ಮಳೆಗಾಲದಲ್ಲಿ ಕಡಲು ಹುಚ್ಚೇಳುತ್ತೆ. ಈಗಂತೂ ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ. ಆ ದಿನಗಳಿಗೆ ಅಂತ ಬೇಸಿಗೆಯಲ್ಲೇ ಹೆಂಗಸರು ಉಪ್ಪು ಹಾಕಿ, ಮಗುಚಿ, ಕಾಗೆ ಓಡಿಸಿ ಒಣಗಿಸಿದ ಮೀನು ಘಟ್ಟ ಹತ್ತಿ ಮಲೆನಾಡಿನ ಸಂತೆಗಳಿಗೂ ಹೋಗುತ್ತೆ. ಕನ್ನಡನಾಡಿನ ಒಳಭಾಗಕ್ಕೆ ಮೀನು ಹೊಸತು ಅಂತ ಯಾರಾದ್ರೂ ಹೇಳಿದ್ರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನನ್ನು ತೋರಿಸಿ. ಹನ್ನೆರಡನೇ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅವನು ಬಗೆಬಗೆಯ ಮೀನುಗಳು, ಯಾವುದಕ್ಕೆ ಯಾವ ಎರೆ, ಹೇಗೆ ಅಡುಗೆ ಅಂತೆಲ್ಲ ವಿವರ ಕೊಟ್ಟಿದ್ದಾನೆ. ಅರಮನೆಯ ವಿನೋದಗಳ ಪಟ್ಟಿಯಲ್ಲಿ ಮೀನು ಹಿಡಿಯೋದೂ ಒಂದು.

ಹಾಗಂತ ಮೀನಿಗೆ ವಾಸನೆಯೇ ಇಲ್ಲ ಅಂತ ನಾನು ವಾದ ಮಾಡಲ್ಲ. ಕಡಲ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರೊಳಗಿನ ಒಂದು ವಸ್ತುವನ್ನು ಟ್ರೈಮಿಥೈಲಮಿನ್ ಅನ್ನೋ ಅನಿಲ ಮಾಡ್ತವೆ. ನೀವು ಮೂಸೋದು ಅದನ್ನೇ. ಹುಳಿ ತಾಕಿದ್ರೆ ಅದು ಗಾಳಿಗೆ ಹಾರದ ಲವಣವಾಗಿ ಅಲ್ಲೇ ಕೂತುಬಿಡುತ್ತೆ. ಮಂಗಳೂರಿನ ಮೀನುಸಾರಿಗೆ ಹುಣಸೆ, ಕೊಡಗಿಗೆ ಕಾಚಂಪುಳಿ, ಗ್ರೀಸಿಗೆ ನಿಂಬೆ, ಲಂಡನ್ನಿನ ಫಿಶ್ ಅಂಡ್ ಚಿಪ್ಸಿಗೆ ವಿನಿಗರ್. ರಸಾಯನಶಾಸ್ತ್ರ ಹುಟ್ಟೋಕೂ ಮುಂಚೆ ಈ ಸೂತ್ರ ಎಲ್ಲ ಅಡುಗೆಮನೆಗಳಿಗೂ ಗೊತ್ತಿತ್ತು. ವಾಸನೆ ಎಲ್ಲರಿಗೂ ಒಂದೇ, ಅದಕ್ಕೆ ಮದ್ದೂ ಒಂದೇ. ಬೇರೆ ಆಗೋದು ಅದಕ್ಕೆ ಸಿಗೋ ಮರ್ಯಾದೆ.

ಮರ್ಯಾದೆ ಹೇಗೆ ಸಿಗುತ್ತೆ ಅನ್ನೋದಕ್ಕೆ ಎರಡು ಉದಾಹರಣೆ. ವಿಯೆಟ್ನಾಂನ ಫು ಕ್ವೋಕ್ ದ್ವೀಪದ ಮೀನಿನ ಸಾಸಿಗೆ 2012ರಲ್ಲಿ ಯೂರೋಪಿಯನ್ ಒಕ್ಕೂಟ ಮೂಲಸ್ಥಳದ ಮಾನ್ಯತೆ ಕೊಡ್ತು, ಷಾಂಪೇನಿಗೆ ಇರೋ ಥರದ್ದೇ. ಇಟಲಿಯ ಚೆಟಾರಾ ಅನ್ನೋ ಊರಿನ ಆಂಚೊವಿ ರಸಕ್ಕೆ 2020ರಲ್ಲಿ ಅದೇ ಮಾನ್ಯತೆ ಸಿಕ್ತು. ಗಾರಮ್‌ನ ವಂಶದ್ದು ಅಂತಲೇ ಅದನ್ನ ಪುಟ್ಟ ಬಾಟಲಿಗಳಲ್ಲಿ ಭಾರಿ ಬೆಲೆಗೆ ಮಾರ್ತಾರೆ. ನಮ್ಮ ಊರಿನ ಥಾಯ್ ರೆಸ್ಟೋರೆಂಟಿನಲ್ಲಿ ಇಂಥದ್ದೇ ಸಾಸು ಹಾಕಿದ ಕರಿಗೆ ನಾವು ಸಂತೋಷವಾಗಿ ಬಿಲ್ಲು ಕಟ್ತೀವಿ, 'ಉಮಾಮಿ ಚೆನ್ನಾಗಿದೆ' ಅಂತೀವಿ. ಅದೇ ದಿನ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಯಾರ ಮನೆಯದೋ ಒಣಸಿಗಡಿ ಚಟ್ನಿಯ ವಾಸನೆ ಬಂದ್ರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ದೂರು ಬಿದ್ದಿರುತ್ತೆ.

ಮುಂದಿನ ಸಲ ಸಮೋಸದ ಜೊತೆ ಕೆಚಪ್ ಬಂದಾಗ ಬಾಟಲಿ ಮೇಲಿನ ಹೆಸರನ್ನ ಒಮ್ಮೆ ಜೋರಾಗಿ ಓದಿ. ಮುನ್ನೂರು ವರ್ಷದ ಹಿಂದಿನ ಹೊಕ್ಕಿಯನ್ ವ್ಯಾಪಾರಿ ಯಾರಾದ್ರೂ ಆ ಮಾತು ಕೇಳಿಸ್ಕೊಂಡ್ರೆ ಓಡಿ ಬಂದು ಮುಚ್ಚಳ ತೆಗೆದು ಮೊದಲು ಮೂಸಿ ನೋಡ್ತಾನೆ. ಮೀನಿನ ವಾಸನೆ ಬರದೇ ಇದ್ರೆ, ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ನಿಲ್ತಾನೆ.