ಮದುವೆ ಇಲ್ಲದ ದಿನ ಆಟ: ಬೆಂಗಳೂರಿನ ಒಂದು ಷಟಲ್ ಹಾಲ್ ಕಥೆ

1/7
ಪದ್ಮನಾಭನಗರದಲ್ಲಿ ಷಟಲ್ ಆಡ್ಬೇಕು ಅಂದ್ರೆ ಈಗ ಏನ್ ಮಾಡ್ತೀರಾ? ಫೋನ್ ತೆಗೆದು ಆ್ಯಪ್‌ನಲ್ಲಿ ಸ್ಲಾಟ್ ನೋಡ್ತೀರಾ, ನಾಲ್ಕು ಜನ ದುಡ್ಡು ಹಂಚ್ಕೋತೀರಾ, ಒಂದು ಗಂಟೆ ಆಡಿ ಬರ್ತೀರಾ. ಮೇಲೆ ಶೀಟು, ಎಲ್‌ಇಡಿ ಲೈಟು, ಕೆಳಗೆ ಹಸಿರು ಮ್ಯಾಟು. ಇದ್ಯಾವುದೂ ಇಲ್ಲದ ಕಾಲದಲ್ಲಿ ನಮ್ಮ ಊರಿನ ಒಬ್ಬ ಹುಡುಗ ಪ್ರಪಂಚದ ನಂಬರ್ ಒನ್ ಆಗೋವಷ್ಟು ಷಟಲ್ ಕಲಿತ. ಎಲ್ಲಿ ಗೊತ್ತಾ? ಮದುವೆ ನಡೆಯೋ ಹಾಲ್‌ನಲ್ಲಿ. ಸ್ವೈಪ್ ಮಾಡ್ತಾ ಓದಿ 👉

2/7
ಬನಶಂಕರಿಯಲ್ಲಿ ಗ್ರೀನ್ ಲೈನ್ ಮೆಟ್ರೋ ಹತ್ತಿ ಸಂಪಿಗೆ ರಸ್ತೆ ಸ್ಟೇಷನ್‌ನಲ್ಲಿ ಇಳಿದ್ರೆ ಮಲ್ಲೇಶ್ವರ. 1898ರ ಪ್ಲೇಗ್ ಆದ್ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಲಿ ಅಂತ ಕಟ್ಟಿದ ಬಡಾವಣೆ ಅದು. ಕರಾವಳಿಯಿಂದ ಬಂದ ಅನೇಕ ಕುಟುಂಬಗಳು ಅಲ್ಲಿ ನೆಲೆಸಿದವು. ಅವರ ಸಂಘವೇ ಕೆನರಾ ಯೂನಿಯನ್. ಕೆನರಾ ಅಂದ್ರೆ ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಕಡೆಯ ನಾಡು. ಆ ಸಂಘದ ಹಾಲ್‌ನಲ್ಲಿ ಮದುವೆ, ಸಭೆ, ಸಮಾರಂಭ ಎಲ್ಲಾ ನಡೀತಿತ್ತು. ಬಿಡುವು ಇದ್ದಾಗ ಅದೇ ಬ್ಯಾಡ್ಮಿಂಟನ್ ಕೋರ್ಟ್.

3/7
ಹೊರಗೆ ಬಯಲಲ್ಲೇ ಆಡಬಹುದಿತ್ತಲ್ವಾ ಅಂತೀರಾ? ಷಟಲ್‌ಗೆ 16 ಗರಿ, ತೂಕ ಹೆಚ್ಚೆಂದ್ರೆ ಐದೂವರೆ ಗ್ರಾಂ. ಸ್ವಲ್ಪ ಗಾಳಿ ಬೀಸಿದ್ರೂ ದಾರಿ ತಪ್ಪತ್ತೆ. ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಬಯಲಲ್ಲಿ ನಡೆಯತ್ತೆ, ಇದು ನಡೆಯಲ್ಲ. ಇದಕ್ಕೆ ನಾಲ್ಕು ಗೋಡೆ ಬೇಕು. ಜೊತೆಗೆ 13.40 ಮೀಟರ್ ಉದ್ದ, 6.10 ಮೀಟರ್ ಅಗಲದ ಖಾಲಿ ನೆಲ ಬೇಕು. ಅಷ್ಟು ದೊಡ್ಡ ಖಾಲಿ ನೆಲ ಒಂದು ಬಡಾವಣೆಯಲ್ಲಿ ಬೇರೆಲ್ಲಿ ಸಿಗತ್ತೆ? ಊಟಕ್ಕೆ ಪಂಕ್ತಿ ಹಾಕೋ ಜಾಗದಲ್ಲೇ!

4/7
ಆ ಹುಡುಗ ಪ್ರಕಾಶ್ ಪಡುಕೋಣೆ. ಹೌದು, ದೀಪಿಕಾ ಅಪ್ಪ. ಹುಟ್ಟಿದ್ದು 1955ರಲ್ಲಿ. ಪಡುಕೋಣೆ ಅನ್ನೋದು ಕುಂದಾಪುರ ಕಡೆಯ ಒಂದು ಊರು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿ ಆಗಿದ್ದವರು. ಪ್ರಕಾಶ್ ಮಕ್ಕಳಿಗೆ ಬರೆದ ಒಂದು ಪತ್ರವನ್ನ ದೀಪಿಕಾ ಫಿಲ್ಮ್‌ಫೇರ್ ವೇದಿಕೆಯಲ್ಲಿ ಓದಿದ್ರು. ಅದರಲ್ಲೂ ಈ ಹಾಲ್ ಬರತ್ತೆ: ಇವತ್ತು ಅಲ್ಲಿ ಸಮಾರಂಭ ಇದ್ಯಾ ಇಲ್ವಾ ಅಂತ ಕಾಯೋದು, ಇಲ್ಲ ಅಂದ್ರೆ ಶಾಲೆ ಬಿಟ್ಟ ಕೂಡಲೇ ಓಡೋದು.

ಸ್ವಲ್ಪ ಯೋಚಿಸಿ. ಆಷಾಢದಲ್ಲಿ ಮದುವೆ ಇರಲ್ಲ. ಹೊರಗೆ ಗಾಳಿ, ಒಳಗೆ ಹಾಲ್ ಖಾಲಿ. ಬೇರೆಯವರಿಗೆ ಅಶುಭ ಮಾಸ, ಷಟಲ್ ಆಡೋ ಮಕ್ಕಳಿಗೆ ಅದೇ ಹಬ್ಬ ಆಗಿರಬೇಕು 😄

5/7
1962ರಲ್ಲಿ, ಏಳರ ವಯಸ್ಸಲ್ಲಿ, ರಾಜ್ಯ ಜೂನಿಯರ್ ಟೂರ್ನಿಗೆ ಇಳಿದ. ಮೊದಲ ಸುತ್ತಲ್ಲೇ ಸೋಲು. ಎರಡು ವರ್ಷ ಬಿಟ್ಟು ಅದೇ ಪ್ರಶಸ್ತಿ ಗೆದ್ದ. 1971ರಲ್ಲಿ ರಾಷ್ಟ್ರೀಯ ಜೂನಿಯರ್, ಸೀನಿಯರ್ ಎರಡೂ ಒಂದೇ ವರ್ಷ! ಸೀನಿಯರ್ ಪಟ್ಟ 1979ರವರೆಗೆ ಸತತ ಒಂಬತ್ತು ಸಲ. 1980ರ ಮಾರ್ಚ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಹಿಂದಿನ ಎರಡು ವರ್ಷ ಗೆದ್ದಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. ಸ್ಕೋರ್ 15-3, 15-10. ಆ ಕಪ್ ಗೆದ್ದ ಮೊದಲ ಭಾರತೀಯ ನಮ್ಮ ಮಲ್ಲೇಶ್ವರದವರು.

6/7
ಮುಂದೆ ಪ್ರಕಾಶ್, ತಾವು ಚಿಕ್ಕವರಿದ್ದಾಗ ಇಲ್ಲದಿದ್ದದ್ದನ್ನ ಊರಿಗೆ ಕೊಟ್ರು. 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಜೊತೆ ಸೇರಿ ಅಕಾಡೆಮಿ ಶುರು ಮಾಡಿದ್ರು. ಮದುವೆಗೆ ಜಾಗ ಬಿಡಬೇಕಾಗದ ಕೋರ್ಟ್‌ಗಳು! ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅಲ್ಲೇ ಬೆಳೆದ ಲಕ್ಷ್ಯ ಸೇನ್ 2022ರ ಥಾಮಸ್ ಕಪ್ ಫೈನಲ್‌ನಲ್ಲಿ ಮೊದಲ ಪಂದ್ಯ ಗೆದ್ದುಕೊಟ್ಟರು. ಭಾರತಕ್ಕೆ ಮೊದಲ ಸಲ ಆ ಕಪ್ ಬಂತು.

7/7
ಹಾಗಂತ ಕೆನರಾ ಯೂನಿಯನ್ ಹಾಲ್‌ನ ಪಾಠ ಹಳೆಯದಾಗಲಿಲ್ಲ. ಅದು ಚಾಂಪಿಯನ್ ತಯಾರಿಸೋಕೆ ಅಂತ ಕಟ್ಟಿದ್ದಲ್ಲ. ಹತ್ತು ಜನರ ಹತ್ತು ಕೆಲಸಕ್ಕೆ ಕಟ್ಟಿದ್ದು, ಮಕ್ಕಳಿಗೂ ಬಾಗಿಲು ತೆಗೆದಿತ್ತು ಅಷ್ಟೆ. ಇವತ್ತು ಕೋರ್ಟ್‌ಗಳು ಜಾಸ್ತಿ ಆಗಿವೆ, ಆದ್ರೆ ಬಾಗಿಲು ತೆರೆಯೋದು ಗಂಟೆ ಲೆಕ್ಕದ ದುಡ್ಡಿಗೆ. ನಮ್ಮ ಜೊತೆ ನಾಲ್ಕನೆಯವಳಾಗಿ ದುಡ್ಡು ಹಂಚ್ಕೊಳ್ಳೋಕೆ ಆಗದ ಹುಡುಗಿ ಎಲ್ಲಿ ಕಲೀಬೇಕು?

ಒಂದು ಕೆಲಸ ಮಾಡಿ. ನಿಮ್ಮ ಬೀದಿ ಹತ್ತಿರದ ಸಮುದಾಯ ಭವನ ಸಮಾರಂಭ ಇಲ್ಲದ ದಿನ ಏನಾಗಿರತ್ತೆ, ನೋಡಿ ಬನ್ನಿ. ಬೀಗ ಹಾಕಿದ್ರೆ ಕೀಲಿ ಯಾರ ಹತ್ರ ಇದೆ ಅಂತ ಕೇಳಿ. ಸೀಲಿಂಗ್ ಎತ್ತರ ಕಮ್ಮಿ ಇದ್ರೆ ದೊಡ್ಡ ಪಂದ್ಯ ನಡೆಯಲ್ಲ ನಿಜ, ಆದ್ರೆ ರ‍್ಯಾಕೆಟ್ ಹಿಡಿಯೋದು ಕಲೀಬಹುದು. ಯಾವ ಭವನ, ಎಷ್ಟು ದಿನ ಖಾಲಿ ಅಂತ ಕಾಮೆಂಟ್‌ನಲ್ಲಿ ಹಾಕಿ. ಪಟ್ಟಿ ಮಾಡೋಣ 🏸

#ಬೆಂಗಳೂರುಇತಿಹಾಸ #ಪದ್ಮನಾಭನಗರ #ಮಲ್ಲೇಶ್ವರ #ಷಟಲ್